ಹುಲ್ಲಿನ ಕರು, ಹಿಟ್ಟಿನ ಕೋಳಿ

(ಬಾನುಲಿ ಭಾಷಣ)



ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ನೀರು ಕೊಟ್ಟು, ಆಮೇಲೆ ಕಾಫಿ ಕೊಡುವುದು ಪದ್ಧತಿ. ಬೇಡವೆಂದರೆ ಮನೆಯವರ ಮುಖ ಸಣ್ಣದಾಗುತ್ತದೆ. ಕೆಲವು ವರ್ಷಗಳಿಂದ ಇಂಥ ಸಣ್ಣಮುಖಗಳನ್ನು ನಾನು ಅನೇಕ ಮನೆಗಳಲ್ಲಿ ಕಂಡಿದ್ದೇನೆ. ಹಾಲು ಹಾಕಿದ ಕಾಫಿಯನ್ನು ನಾನು ಕುಡಿಯುವುದಿಲ್ಲ. ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ ಯಾವುದನ್ನೂ ಮುಟ್ಟುವುದಿಲ್ಲ. “ಏನು ಮೇಷ್ಟ್ರೇ, ಡಾಕ್ಟರು ಹೇಳಿದರೆ?” ಎಂದು ಕೇಳುತ್ತಾರೆ. ಹೌದೆಂದುಬಿಟ್ಟರೆ ಮಾತು ಅಲ್ಲಿಗೆ ಮುಗಿಯುತ್ತದೆ. ಎಷ್ಟೋ ಸಲ ಹಾಗೆ ಹೇಳಿ ತಪ್ಪಿಸಿಕೊಂಡದ್ದೂ ಉಂಟು. ಆದರೆ ಅದು ನಿಜವಲ್ಲ. ನಿಜವೇನೆಂಬುದನ್ನು ಇಂದು ನಿಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ಮಾಂಸವನ್ನಷ್ಟೇ ಅಲ್ಲದೆ ಹಾಲು, ಮೊಟ್ಟೆ, ಜೇನು ಮೊದಲಾಗಿ ಪ್ರಾಣಿಗಳಿಂದ ಬರುವ ಯಾವುದನ್ನೂ ಉಣ್ಣದವರನ್ನು ಇಂಗ್ಲಿಷಿನಲ್ಲಿ ‘ವೀಗನ್’ ಎನ್ನುತ್ತಾರೆ. ಈ ಮಾತು ಹುಟ್ಟಿದ್ದು 1944ರಲ್ಲಿ. ಇಂಗ್ಲೆಂಡಿನಲ್ಲಿ ಮರಗೆಲಸ ಕಲಿಸುತ್ತಿದ್ದ ಡೊನಾಲ್ಡ್ ವಾಟ್ಸನ್ ಎಂಬ ಉಪಾಧ್ಯಾಯರು ಕೆಲವು ಗೆಳೆಯರೊಡನೆ ಒಂದು ಸಂಘ ಕಟ್ಟಿದರು. ‘ವೆಜಿಟೇರಿಯನ್’ ಎಂಬ ಮಾತಿನ ಮೊದಲ ಮೂರು ಅಕ್ಷರಗಳನ್ನೂ ಕೊನೆಯ ಎರಡು ಅಕ್ಷರಗಳನ್ನೂ ಜೋಡಿಸಿ ತಮ್ಮ ಸಂಘಕ್ಕೆ ಹೆಸರು ಮಾಡಿಕೊಂಡರು. ಸಸ್ಯಾಹಾರದ ಮೊದಲೂ ಅದೇ, ತುದಿಯೂ ಅದೇ ಎಂಬುದು ಅವರ ಆಶಯ. ವಾಟ್ಸನ್ ಹಾಗೆಯೇ ಬದುಕಿ 2005ರಲ್ಲಿ, ತೊಂಬತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡರು. ಕನ್ನಡದಲ್ಲಿ ಇದಕ್ಕೆ ಒಪ್ಪುವ ಮಾತು ಇನ್ನೂ ನೆಲೆಗೊಂಡಿಲ್ಲ. ಕನ್ನಡದ ಮೇಷ್ಟ್ರಾಗಿ ನಾನೇ ಒಂದೆರಡು ಪದಗಳನ್ನು ಹೊಸೆದು ನೋಡಿದೆ. ಯಾವುದೂ ನಾಲಗೆಗೆ ಹಿಡಿಸಲಿಲ್ಲ.

ನನ್ನ ವಿಷಯದಲ್ಲಿ ಮೊದಲು ಬಂದದ್ದು ಪದವೂ ಅಲ್ಲ, ತತ್ತ್ವವೂ ಅಲ್ಲ. ಒಂದು ಎಮ್ಮೆ.

ನಾನು ಹುಟ್ಟಿದ್ದು ಮಂಡ್ಯ ಜಿಲ್ಲೆಯ ನಾಗಮಂಗಲದ ಕಡೆಯ ಒಂದು ಸಣ್ಣ ಊರಿನಲ್ಲಿ, 1958ರಲ್ಲಿ. ಮಳೆಯನ್ನೇ ನಂಬಿದ ಹೊಲ. ರಾಗಿ, ಹುರುಳಿ, ಹುಚ್ಚೆಳ್ಳು ಬೆಳೆಯುತ್ತಿತ್ತು. ಮಾರಿಹಬ್ಬಕ್ಕೆ ಮರಿ ಕಡಿಯುವ, ನೆಂಟರು ಬಂದರೆ ಕೋಳಿ ಕೊಯ್ಯುವ ಮನೆ ನಮ್ಮದು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಮನೆಯಲ್ಲಿ ರೊಕ್ಕವೆಂಬುದು ಕಣ್ಣಿಗೆ ಬೀಳುತ್ತಿದ್ದುದು ಎಮ್ಮೆಯ ಕೆಚ್ಚಲಿನಿಂದ ಮಾತ್ರ. ಅವ್ವ ನಸುಕಿನಲ್ಲೆದ್ದು ಹಾಲು ಕರೆದು, ಹೋಟೆಲಿನವರಿಗೆ ವರ್ತನೆಯ ಹಾಲು ಹಾಕಿ ಬರುತ್ತಿದ್ದಳು. ಆ ದುಡ್ಡಿನಿಂದಲೇ ನಾನು ಪೇಟೆಯ ಕಾಲೇಜಿಗೆ ಸೇರಿದೆ, ವಿದ್ಯಾರ್ಥಿನಿಲಯದಲ್ಲಿ ಉಂಡೆ, ಓದಿದೆ. ನನ್ನ ಮೈಯಲ್ಲಿರುವ ಅಕ್ಷರವೆಲ್ಲ ಹಾಲಿನಿಂದ ಬಂದದ್ದು ಎಂದರೆ ಅದು ಅಲಂಕಾರದ ಮಾತಲ್ಲ.

ಮುಂದೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುವಾಗ, 1981ರಲ್ಲಿ, ಜನ್ನನ ‘ಯಶೋಧರ ಚರಿತೆ’ಯನ್ನು ಮೊದಲ ಬಾರಿಗೆ ಸಾದ್ಯಂತವಾಗಿ ಓದಿದೆ. 1209ರಲ್ಲಿ ರಚಿತವಾದ ಆ ಕಾವ್ಯದ ಕಥೆ ನಿಮ್ಮಲ್ಲಿ ಅನೇಕರಿಗೆ ಗೊತ್ತಿರುವುದೇ. ಕೆಟ್ಟ ಕನಸಿನ ನೆವ ಹೇಳಿದ ಯಶೋಧರನಿಗೆ ತಾಯಿ ಚಂದ್ರಮತಿ ದೇವತೆಗೆ ಬಲಿ ಕೊಡಬೇಕೆನ್ನುತ್ತಾಳೆ. ಕೊಲ್ಲಲಾರೆನೆಂದು ಮಗ, ಕೊಡಲೇಬೇಕೆಂದು ತಾಯಿ. ಕೊನೆಗೆ ನಡುದಾರಿಯೊಂದು ಕಾಣುತ್ತದೆ: ಹಿಟ್ಟಿನಿಂದ ಕೋಳಿಯೊಂದನ್ನು ಮಾಡಿ ಅದನ್ನು ಕಡಿಯುವುದು. ಜೀವವಿಲ್ಲದ ಹಿಟ್ಟು, ಪಾಪವೆಲ್ಲಿಂದ ಬಂದೀತು? ಆದರೆ ಕತ್ತಿ ಬಿದ್ದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ. ಕೊಂದದ್ದು ಹಿಟ್ಟನ್ನೇ ಆದರೂ ಕೊಲ್ಲುವ ಸಂಕಲ್ಪ ನಿಜವಾಗಿತ್ತು. ತಾಯಿ ಮಗ ಇಬ್ಬರೂ ನವಿಲಾಗಿ, ನಾಯಾಗಿ, ಮೀನಾಗಿ, ಆಡಾಗಿ, ಕೋಣನಾಗಿ, ಕೋಳಿಯಾಗಿ ಹುಟ್ಟಿ ಹುಟ್ಟಿ ಸಾಯುತ್ತಾರೆ. ಈ ಕಥೆಯ ಎಳೆಯನ್ನೇ ಹಿಡಿದು ಗಿರೀಶ ಕಾರ್ನಾಡರು 1980ರಲ್ಲಿ ‘ಹಿಟ್ಟಿನ ಹುಂಜ’ವನ್ನು ಬರೆದಿದ್ದರು. ನಮ್ಮ ಗೆಳೆಯರ ಬಳಗದಲ್ಲಿ ಅದರ ಚರ್ಚೆಯೇ ಚರ್ಚೆ.

ಆ ವರ್ಷವೇ ನಾನು ಮಾಂಸವನ್ನು ಬಿಟ್ಟೆ. ಇಪ್ಪತ್ತಮೂರರ ವಯಸ್ಸು. ಕಾವ್ಯವೊಂದು ನಮ್ಮನ್ನು ಬದಲಿಸಬಲ್ಲದೆಂದು ನಂಬುವ ಕಾಲ. ಹಬ್ಬಕ್ಕೆ ಊರಿಗೆ ಹೋದಾಗ ಅವ್ವ ನನ್ನ ಎಲೆಗೆ ಬೇರೆಯಾಗಿ ಅವರೆಕಾಳಿನ ಸಾರು ಮಾಡಿ ಬಡಿಸಿದಳು. ಬಟ್ಟಲು ತುಂಬ ಗಟ್ಟಿ ಮೊಸರು ಹಾಕಿ, “ಅದ ಬುಟ್ಟೆ ಸರಿ, ಹಾಲು ಮೊಸರ ಬುಡಬ್ಯಾಡ ಕಣಪ್ಪ” ಎಂದಳು. ನಾನು ನಕ್ಕೆ. ಹಾಲಿನಲ್ಲಿ ಯಾವ ಹಿಂಸೆ?

ಆಮೇಲೆ ಮೂವತ್ತೈದು ವರ್ಷಗಳ ಕಾಲ ಪಾಠ ಹೇಳಿದೆ. ಸಂಕಲ್ಪಹಿಂಸೆಯ ಮೇಲೆ ನನ್ನ ಉಪನ್ಯಾಸ ಚೆನ್ನಾಗಿರುತ್ತದೆಂದು ವಿದ್ಯಾರ್ಥಿಗಳು ಹೇಳುತ್ತಿದ್ದರು. ನಾನೂ ಹಾಗೆಯೇ ತಿಳಿದಿದ್ದೆ. ಪಾಠ ಮುಗಿಸಿ ಅಧ್ಯಾಪಕರ ಕೊಠಡಿಗೆ ಬಂದು, ಗಟ್ಟಿ ಹಾಲಿನ ಕಾಫಿ ಕುಡಿಯುತ್ತ, ಮಾಂಸ ತಿನ್ನುವ ಸಹೋದ್ಯೋಗಿಗಳನ್ನು ಒಳಗೊಳಗೇ ಸ್ವಲ್ಪ ಕೀಳಾಗಿ ಕಾಣುತ್ತಿದ್ದೆ. ಈ ಮಾತನ್ನು ಈಗ ಹೇಳಲು ನಾಚಿಕೆಯಾಗುತ್ತದೆ. ಆದರೆ ಹೇಳದಿದ್ದರೆ ಮುಂದಿನ ಕಥೆ ಪೊಳ್ಳಾಗುತ್ತದೆ.

2018ರಲ್ಲಿ ನಿವೃತ್ತನಾದೆ. ಮರುವರ್ಷ ತಮ್ಮನ ಮನೆಯಲ್ಲಿ ಒಂದು ಶುಭಕಾರ್ಯವಿತ್ತೆಂದು ಊರಿಗೆ ಹೋಗಿ ನಾಲ್ಕು ದಿನ ನಿಂತೆ. ಹಳೆಯ ಕೊಟ್ಟಿಗೆಯಿದ್ದಲ್ಲಿ ತಮ್ಮನ ಮಗ ಶೀಟಿನ ಮಾಡು ಹಾಕಿಸಿ ಐದು ಸೀಮೆ ಹಸು ಕಟ್ಟಿದ್ದ. ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕುತ್ತಾನೆ. ಒಂದು ಹಸು ಈದು ವಾರವಾಗಿತ್ತಂತೆ. ಮನೆಯಲ್ಲಿ ಗಿಣ್ಣು ಮಾಡಿದ್ದರು. ಏಲಕ್ಕಿ ಬೆಲ್ಲ ಹಾಕಿದ ಗಿಣ್ಣು ನನಗೆ ಬಾಲ್ಯದಿಂದಲೂ ಪ್ರಾಣ. ತಿಂದು, ಕೈ ತೊಳೆದು, ಕರುವನ್ನು ನೋಡೋಣವೆಂದು ಕೊಟ್ಟಿಗೆಗೆ ಹೋದೆ. ಕರು ಇರಲಿಲ್ಲ. ಹಸು ಗೊಂತಿನ ಆಚೆಗೆ ಕತ್ತು ಚಾಚಿ ಕೂಗುತ್ತಿತ್ತು.

“ಕರು ಎಲ್ಲಪ್ಪ?” ಎಂದೆ.

“ಹೋರಿಗರ ದೊಡ್ಡಪ್ಪ. ಕೊಟ್ಬುಟ್ಟೆ” ಎಂದ.

“ಯಾರಿಗೆ?”

ಅವನು ನನ್ನ ಮುಖವನ್ನೊಮ್ಮೆ ನೋಡಿದ. “ಅದ ಮಡಿಕ್ಕಂಡು ಏನ್ ಮಾಡ್ಲಿ? ಉಳಾಕೆ ಟ್ರ್ಯಾಕ್ಟರ್ ಬತ್ತದೆ. ಹಸಕ್ಕೆ ಇಂಜಕ್ಷನ್ ಕೊಡ್ಸಿದ್ರೆ ಆಯ್ತು, ಹೋರಿ ಯಾಕೆ ಬೇಕು? ಅದು ಕುಡಿಯೋ ಹಾಲು ಡೈರಿಗೆ ಹಾಕುದ್ರೆ ಹಿಂಡಿ ಬೂಸದ ಕಾಸಾದ್ರೂ ಹುಟ್ತದೆ.”

ಅವನ ಮಾತಿನಲ್ಲಿ ಕ್ರೌರ್ಯವಿರಲಿಲ್ಲ. ಲೆಕ್ಕವಿತ್ತು. ಆ ಲೆಕ್ಕದಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ. ಹಸು ಗಬ್ಬವಾಗದೆ, ಈಯದೆ ಹಾಲು ಬರುವುದಿಲ್ಲ. ಒಂಬತ್ತು ತಿಂಗಳ ಗರ್ಭ, ಆಮೇಲೆ ಕೆಲವು ತಿಂಗಳ ಕರಾವು, ಕರಾವಿನ ನಡುವೆಯೇ ಮತ್ತೆ ಗರ್ಭ. ಪ್ರತಿ ಈತದಲ್ಲಿ ಹುಟ್ಟುವ ಕರುಗಳಲ್ಲಿ ಸುಮಾರು ಅರ್ಧ ಗಂಡು. ಎತ್ತು ಬೇಕಾಗಿದ್ದ ಕಾಲದಲ್ಲಿ ಅವುಗಳಿಗೆ ಮನೆಯಲ್ಲಿ ಒಂದು ನೆಲೆಯಿತ್ತು, ಒಂದು ಹೆಸರಿತ್ತು. ಈಗ ಇಲ್ಲ. 1970ರಲ್ಲಿ ಆರಂಭವಾದ ಕ್ಷೀರಕ್ರಾಂತಿ ನಮ್ಮ ದೇಶವನ್ನು ಲೋಕದಲ್ಲೇ ಅತಿ ಹೆಚ್ಚು ಹಾಲು ಉತ್ಪಾದಿಸುವ ನಾಡನ್ನಾಗಿ ಮಾಡಿತು. ನಮ್ಮಂಥ ಬಡ ಮನೆಗಳ ಕೈಗೆ ನಗದು ಹಣ ಕೊಟ್ಟಿತು. ಅದನ್ನು ಹಳಿಯುವ ಕೃತಘ್ನ ನಾನಲ್ಲ. ಆದರೆ ಹಾಲಿನ ಲೆಕ್ಕ ಬರೆದ ಪುಸ್ತಕದಲ್ಲಿ ಗಂಡು ಕರುವಿಗೆ ಪುಟವಿರಲಿಲ್ಲ ಎಂಬುದೂ ನಿಜ.

ಆ ರಾತ್ರಿ ಹಸು ಕೂಗುತ್ತಲೇ ಇತ್ತು. ನನಗೆ ನಿದ್ದೆ ಬರಲಿಲ್ಲ. ನಡುರಾತ್ರಿಯ ಹೊತ್ತಿಗೆ, ನಲವತ್ತು ವರ್ಷಕ್ಕೂ ಮಿಗಿಲಾಗಿ ನಾನು ನೆನೆಯದಿದ್ದ ಒಂದು ದೃಶ್ಯ ಕಣ್ಣ ಮುಂದೆ ಬಂದು ನಿಂತಿತು.

ಅದು 1975. ನಾನು ಪಿ.ಯು.ಸಿ.ಯಲ್ಲಿದ್ದೆ, ರಜೆಗೆ ಊರಿಗೆ ಬಂದಿದ್ದೆ. ನಮ್ಮ ಎಮ್ಮೆ ಈದು ಹದಿನೈದು ದಿನಕ್ಕೆ ಕರು ಸತ್ತಿತು. ಕರು ಬಂದು ಕೆಚ್ಚಲು ಗುದ್ದದಿದ್ದರೆ ಎಮ್ಮೆ ಸೊರೆ ಬಿಡುವುದಿಲ್ಲ, ಹಾಲನ್ನು ಮೇಲಕ್ಕೆಳೆದುಕೊಂಡುಬಿಡುತ್ತದೆ. ಎರಡು ದಿನ ಅವ್ವ ಎಷ್ಟು ನೀವಿದರೂ ಚೊಂಬಿನ ತಳ ಮುಚ್ಚಲಿಲ್ಲ. ಮೂರನೆಯ ದಿನ ಊರಿನ ಹಿರಿಯನೊಬ್ಬ ಸತ್ತ ಕರುವಿನ ತೊಗಲಿಗೆ ಒಣಹುಲ್ಲು ತುಂಬಿ ಹೊಲಿದು ತಂದುಕೊಟ್ಟ. ನಾಲ್ಕು ಕಡ್ಡಿಗಳೇ ಕಾಲು. ಕಣ್ಣಿದ್ದಲ್ಲಿ ತೂತು. ಅದನ್ನು ಎಮ್ಮೆಯ ಕೆಚ್ಚಲಿಗೆ ತಾಕಿಸಿ, ಆಮೇಲೆ ಅದರ ಮೂತಿಯ ಬಳಿ ಹಿಡಿದು ನಿಲ್ಲುವ ಕೆಲಸ ನನ್ನದು.

ಎಮ್ಮೆ ಮೂಸಿ ನೋಡಿತು. ಮತ್ತೆ ಮೂಸಿತು. ಆಮೇಲೆ ನೆಕ್ಕತೊಡಗಿತು. ಅವ್ವನ ಚೊಂಬಿನಲ್ಲಿ ಹಾಲು ಬೀಳುವ ಸದ್ದು ಕೇಳಿಸಿತು. ರಜೆಯುದ್ದಕ್ಕೂ ದಿನಕ್ಕೆ ಎರಡು ಹೊತ್ತು ನಾನು ಆ ಹುಲ್ಲಿನ ಕರುವನ್ನು ಹಿಡಿದು ನಿಂತೆ. ನೆಕ್ಕಿ ನೆಕ್ಕಿ ಅದರ ಬೆನ್ನಿನ ಕೂದಲೆಲ್ಲ ಉದುರಿ ತೊಗಲು ಬೋಳಾಯಿತು. ಒಂದು ದಿನ ನಾನು, “ಪಾಪ ಅಲ್ವೇನವ್ವ?” ಎಂದೆ. ಅವ್ವ ತಲೆಯೆತ್ತದೆಯೇ, “ಪಾಪ್ವೇ ಕಣಪ್ಪ. ನಿನ್ ಫೀಜು ಕಟ್ಬೇಕಲ್ಲ” ಎಂದಳು.

ಕೇಳುಗರೆ, ಮೂವತ್ತೈದು ವರ್ಷ ನಾನು ಹಿಟ್ಟಿನ ಕೋಳಿಯ ಪಾಠ ಹೇಳಿದೆ. ಒಮ್ಮೆಯಾದರೂ ಈ ಹುಲ್ಲಿನ ಕರು ನನಗೆ ನೆನಪಾಗಲಿಲ್ಲ. ಎರಡೂ ಜೀವವಿಲ್ಲದ ಬೊಂಬೆಗಳೇ. ಅಲ್ಲಿ ಬೊಂಬೆ ಸುಳ್ಳು, ಕೊಲ್ಲುವ ಮನಸ್ಸು ನಿಜ. ಇಲ್ಲಿ ಬೊಂಬೆ ಸುಳ್ಳು, ತಾಯಿಯ ಮಮತೆ ನಿಜ. ಯಶೋಧರ ಮೋಸ ಮಾಡಲು ಹೊರಟದ್ದು ದೇವತೆಗೆ. ನಾನು ಮೋಸ ಮಾಡಿದ್ದು ಒಂದು ಎಮ್ಮೆಗೆ. ಕಾವ್ಯದಲ್ಲಿ ಹಿಂಸೆಯನ್ನು ಅಷ್ಟು ನಯವಾಗಿ ಗುರುತಿಸಬಲ್ಲವನಿಗೆ ತನ್ನ ಕೈಯಲ್ಲೇ ಹಿಡಿದಿದ್ದ ಹಿಂಸೆ ಕಾಣಲಿಲ್ಲ. ಕಾರಣ ಸ್ಪಷ್ಟವೇ ಇದೆ: ಅದರ ಫಲವನ್ನು ಉಂಡವನು ನಾನು.

ಬೆಳಗಾದ ಮೇಲೆ ಕಾಫಿ ಬಂತು. ಕುಡಿಯಲಾಗಲಿಲ್ಲ.

ಅಂದಿನಿಂದಲೇ ಎಲ್ಲವನ್ನೂ ಬಿಟ್ಟೆನೆಂದರೆ ಸುಳ್ಳಾದೀತು. ಮಾಂಸ ಬಿಡುವುದು ನನಗೆ ಸುಲಭವಾಗಿತ್ತು, ಮೊಸರು ಬಿಡುವುದು ಸುಲಭವಾಗಲಿಲ್ಲ. ಮೊಸರನ್ನವಿಲ್ಲದೆ ಊಟ ಮುಗಿಸುವುದೆಂದರೆ ವಾಕ್ಯಕ್ಕೆ ಕ್ರಿಯಾಪದವಿಲ್ಲದಂತೆ. ಎರಡು ಸಲ ಬಿಟ್ಟು ಎರಡು ಸಲ ಸೋತೆ. ಆಗ ಧೈರ್ಯ ಕೊಟ್ಟದ್ದು ಗಾಂಧೀಜಿಯ ಆತ್ಮಕಥೆ. ಅವರು 1912ರಲ್ಲಿ ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರಂನಲ್ಲಿದ್ದಾಗ ಹಾಲನ್ನು ಬಿಟ್ಟರು. ಇಂದ್ರಿಯನಿಗ್ರಹದ ಜೊತೆಗೆ, ಕಲ್ಕತ್ತೆಯಲ್ಲಿ ಹಸು ಎಮ್ಮೆಗಳಿಗೆ ಹಾಲಿಗಾಗಿ ಕೊಡುತ್ತಿದ್ದ ಹಿಂಸೆಯ ಸುದ್ದಿಯೂ ಅದಕ್ಕೆ ಕಾರಣವಾಗಿತ್ತು. 1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಓಡಾಡುತ್ತಿದ್ದಾಗ ಆಮಶಂಕೆಯಿಂದ ಸಾವಿನ ಬಾಗಿಲಿಗೆ ಹೋದರು. ವೈದ್ಯರು ಹಾಲು ಬೇಕೇಬೇಕೆಂದರು. ಆಡಿನ ಹಾಲಾದರೆ ಆಗಬಹುದಲ್ಲ ಎಂದರು ಕಸ್ತೂರಬಾ. ಗಾಂಧೀಜಿ ಒಪ್ಪಿದರು. ಒಪ್ಪಿದ್ದಕ್ಕಾಗಿ ಕೊನೆಯವರೆಗೂ ನೊಂದರು. ವ್ರತದ ಅಕ್ಷರವನ್ನು ಉಳಿಸಿಕೊಂಡು ಅದರ ಆತ್ಮವನ್ನು ಕೊಂದೆನೆಂಬುದು ಅವರ ಕೊರಗು. ಅಂಥವರೇ ಸೋತ ಮೇಲೆ ನನ್ನ ಸೋಲು ಯಾವ ಲೆಕ್ಕ? ಆದರೆ ಅವರು ಸೋಲನ್ನು ಗೆಲುವೆಂದು ಕರೆಯಲಿಲ್ಲ. ನಾನು ಕಲಿಯಬೇಕಾದದ್ದು ಅದನ್ನೇ.

ಮೂರನೆಯ ಸಲಕ್ಕೆ ನಿಂತಿತು. ನಿಲ್ಲುವಂತೆ ಮಾಡಿದ್ದು ನನ್ನಾಕೆಯ ಅಡಿಗೆಯ ಜಾಣ್ಮೆ. “ನಿಮ್ಮ ವ್ರತ ನಿಮಗೆ, ನನ್ನ ಮಜ್ಜಿಗೆ ಗಡಿಗೆಯ ತಂಟೆಗೆ ಬರಬೇಡಿ” ಎಂದು ಮೊದಲೇ ಕರಾರು ಮಾಡಿಕೊಂಡು ಆಮೇಲೆ ನನಗಾಗಿ ಕಡಲೆಕಾಯಿ ಬೀಜ ನೆನೆಹಾಕಿ, ರುಬ್ಬಿ, ಸೋಸಿ, ಕಾಯಿಸಿ ಹೆಪ್ಪು ಹಾಕತೊಡಗಿದಳು. ಹೆಪ್ಪಿಗೆ ಹಸಿಮೆಣಸಿನಕಾಯಿಯ ತೊಟ್ಟು ಸಾಕಾಯಿತು. ಅದು ಮೊಸರಲ್ಲ, ಆದರೆ ಅನ್ನಕ್ಕೆ ಕಲಸಿ ಒಗ್ಗರಣೆ ಹಾಕಿದರೆ ಜಗಳವಾಡುವಂತೆಯೂ ಇಲ್ಲ. ಹುಡುಕುತ್ತ ಹೋದರೆ ಪಶುವಿನ ಹಾಲು ಬೇಡದ ಸಿಹಿ ನಮ್ಮ ಅಡಿಗೆಮನೆಯಲ್ಲೇ ಇತ್ತು. ಹಾಲುಬಾಯಿಯನ್ನು ನೋಡಿ: ಹೆಸರಿನಲ್ಲೇ ಹಾಲು. ಆದರೆ ಅದು ನೆನೆಸಿದ ಅಕ್ಕಿಯ ಅಥವಾ ರಾಗಿಯ ಹಾಲು, ತೆಂಗಿನಕಾಯಿಯ ಹಾಲು, ಮೇಲೆ ಬೆಲ್ಲ. ತೆನೆ ಹಾಲು ತುಂಬಿತೆನ್ನುತ್ತೇವೆ, ಹಾಲುಗಾಳು ಎನ್ನುತ್ತೇವೆ. ಹಾಲೆಂಬ ಮಾತನ್ನು ಕೆಚ್ಚಲಿಗಷ್ಟೇ ಕಟ್ಟಿಹಾಕದ ಉದಾರತೆ ನಮ್ಮ ನುಡಿಗೆ ಮೊದಲಿನಿಂದಲೂ ಇದೆ.

ಆರೋಗ್ಯದ ಪ್ರಶ್ನೆಯನ್ನು ಹಗುರವಾಗಿ ಕಾಣಬಾರದು. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಮಿಗಿಲಾದ ಸುಣ್ಣದಂಶವುಂಟು. ಮೈಗೆ ಹತ್ತುವುದು ಅದರಲ್ಲಿ ಒಂದು ಪಾಲು ಮಾತ್ರವಾದರೂ ರಾಗಿಯ ಜೊತೆಗೆ ಎಳ್ಳು, ಸೊಪ್ಪು, ಕಾಳುಗಳು ಸೇರಿದರೆ ಕೊರತೆಯನ್ನು ತುಂಬಿಕೊಳ್ಳಬಹುದು. ಆದರೆ ಬಿ-12 ಎಂಬ ಜೀವಸತ್ತ್ವ ಸಸ್ಯಗಳಿಂದ ದೊರೆಯುವುದಿಲ್ಲ. ಅದನ್ನು ತಯಾರಿಸುವುದು ಸೂಕ್ಷ್ಮಜೀವಿಗಳು, ನಮಗೆ ಬರುವುದು ಪ್ರಾಣಿಜನ್ಯ ಆಹಾರದ ಮೂಲಕ. ಅದು ತಪ್ಪಿದರೆ ರಕ್ತಕ್ಕೂ ನರಗಳಿಗೂ ಕೇಡು. ಆದ್ದರಿಂದ ವೈದ್ಯರ ಸಲಹೆಯಂತೆ ಅದರ ಮಾತ್ರೆ ತೆಗೆದುಕೊಳ್ಳುತ್ತೇನೆ, ರಕ್ತಪರೀಕ್ಷೆಯನ್ನೂ ಮಾಡಿಸುತ್ತೇನೆ. ಮಾತ್ರೆ ನುಂಗಿ ಪಾಲಿಸುವುದು ಎಂಥ ವ್ರತವೆಂದು ಗೆಳೆಯರೊಬ್ಬರು ಹಾಸ್ಯ ಮಾಡಿದರು. ಕನ್ನಡಕ ಹಾಕಿಕೊಂಡು ಓದಿದರೂ ಅದು ಓದೇ ಅಲ್ಲವೆ ಎಂದೆ.

ಹಾಲಿನಿಂದ ಆರಂಭವಾದದ್ದು ಅಲ್ಲಿಗೇ ನಿಲ್ಲಲಿಲ್ಲ. ಸನ್ಮಾನದಲ್ಲಿ ಕೊಟ್ಟ ರೇಷ್ಮೆಯ ಪಂಚೆಯೊಂದಿದೆ. ಗೂಡಿನೊಳಗೆ ಹುಳುವಿರುವಾಗಲೇ ಅದನ್ನು ಬಿಸಿಗೆ ಒಡ್ಡಿ, ಬಿಸಿನೀರಿನಲ್ಲಿ ಬೇಯಿಸಿ ನೂಲು ತೆಗೆಯುತ್ತಾರೆಂಬುದು ರಾಮನಗರ, ಶಿಡ್ಲಘಟ್ಟಗಳನ್ನು ಬಲ್ಲ ಯಾರಿಗೂ ಹೊಸ ಸಂಗತಿಯಲ್ಲ. ಇದ್ದುದನ್ನು ಬಿಸಾಡಲಿಲ್ಲ, ಹೊಸದನ್ನು ಕೊಳ್ಳುವುದಿಲ್ಲ. ಹಳೆಯ ಚಪ್ಪಲಿ ಸವೆದ ಮೇಲೆ ತೊಗಲಿಲ್ಲದ್ದನ್ನು ತಂದೆ. 2022ರಲ್ಲಿ ಕೇಂದ್ರದ ಆಹಾರ ಸುರಕ್ಷತೆಯ ನಿಯಮಗಳಲ್ಲಿ ಇಂಥ ಆಹಾರಕ್ಕೆ ಪ್ರತ್ಯೇಕ ಗುರುತು ಬಂದಿದೆ. ಪೊಟ್ಟಣದ ಮೇಲೆ ಹಸಿರು ಬಣ್ಣದ ‘ವಿ’ ಅಕ್ಷರವನ್ನು ಕಂಡಾಗ ಸಮಾಧಾನವೆನಿಸುತ್ತದೆ. ಆದರೂ ಪೂರ್ಣ ಅಹಿಂಸೆ ಯಾರಿಗೂ ಸಾಧ್ಯವಿಲ್ಲವೆಂಬುದು ನನಗೆ ಗೊತ್ತು. ನೇಗಿಲು ಹೂಡಿದಲ್ಲಿ ಹುಳು ಸಾಯುತ್ತದೆ.

ಈಗ ಕಷ್ಟದ ಮಾತಿಗೆ ಬರುತ್ತೇನೆ. ತಮ್ಮನ ಮಗನಿಗೆ ವಿಷಯ ತಿಳಿದಾಗ ಅವನು ನೊಂದುಕೊಂಡ. “ಎಲ್ಲಾರೂ ನಿಮ್ಮಂಗೆ ಹಾಲು ಬುಟ್ರೆ ನಮ್ಮ ಗತಿ ಏನು ದೊಡ್ಡಪ್ಪ?” ಎಂದ. ಕಬ್ಬಿನ ದುಡ್ಡಿಗೆ ಕಾಯಬೇಕು, ರಾಗಿ ಮಳೆಯನ್ನು ಕಾಯಬೇಕು. ಹಾಲಿನ ಬಟವಾಡೆಯೊಂದೇ ಕೈಹಿಡಿಯುವುದು. ಅವನ ಇಬ್ಬರು ಮಕ್ಕಳು ಓದುತ್ತಿರುವುದು ಅದರಿಂದ, ನಾನು ಓದಿದಂತೆಯೇ. ಅವನಿಗೆ ಉತ್ತರ ಹೇಳಲು ನನ್ನಿಂದಾಗಲಿಲ್ಲ. ಪಿಂಚಣಿ ಬರುವವನು ಹಸು ಸಾಕುವವನಿಗೆ ಧರ್ಮ ಬೋಧಿಸುವುದು ಸಲ್ಲದು. ಗಂಡು ಕರುವಿನ ಪಾಪವನ್ನು ಅವನ ತಲೆಗೆ ಕಟ್ಟಿ, ಅಗ್ಗದ ಹಾಲನ್ನು ನಾವು ಪೇಟೆಯಲ್ಲಿ ಕುಡಿಯುತ್ತಿರುವಾಗ ಆ ಪಾಪದ ಪಾಲು ಯಾರಿಗೆ ಹೆಚ್ಚು?

ಇನ್ನೊಂದು ಎಚ್ಚರವೂ ಬೇಕು. ನಮ್ಮ ಸಮಾಜದಲ್ಲಿ ಊಟದ ಎಲೆಯನ್ನು ನೋಡಿ ಮನುಷ್ಯನ ಮೇಲು ಕೀಳನ್ನು ಅಳೆದಿದ್ದೇವೆ. ಏನು ತಿನ್ನುತ್ತಾರೆಂಬ ಕಾರಣಕ್ಕೆ ಬಾಡಿಗೆ ಮನೆ ಸಿಗದವರಿದ್ದಾರೆ, ಪಂಕ್ತಿಯಿಂದ ಎದ್ದು ಹೋಗಬೇಕಾದವರಿದ್ದಾರೆ. ಮಾಂಸ ಬಿಟ್ಟ ಹೆಮ್ಮೆಯಲ್ಲಿ ನಾನು ಆ ಅಳತೆಗೋಲನ್ನೇ ಹಿಡಿದಿದ್ದೆನೆಂದು ಆಗಲೇ ಒಪ್ಪಿಕೊಂಡೆ. ಹಾಲು ಬಿಟ್ಟ ಹೆಮ್ಮೆ ಅದರ ಜಾಗಕ್ಕೆ ಬಂದು ಕುಳಿತರೆ, ಬಿಟ್ಟದ್ದೂ ಒಂದೇ, ಕುಡಿದದ್ದೂ ಒಂದೇ. ಮನುಷ್ಯನನ್ನು ಹೀನೈಸುವ ನಾಲಗೆಗೆ ಎಮ್ಮೆಯ ಮೇಲೆ ಕರುಣೆಯೆಂದರೆ ನಂಬುವವರು ಯಾರು?

ಹಾಗಾದರೆ ನಾನು ಬಿಟ್ಟದ್ದರಿಂದ ಆದದ್ದೇನು? ಲೋಕ ಬದಲಾಗಲಿಲ್ಲ, ಒಂದು ಕರುವೂ ಉಳಿಯಲಿಲ್ಲವೇನೋ. ಒಂದಂತೂ ಆಯಿತು. ಆ ಎಮ್ಮೆಯ ಮೂತಿಯ ಮುಂದೆ ಹಿಡಿದಿದ್ದ ಬೊಂಬೆಯನ್ನು, ತಡವಾಗಿಯಾದರೂ, ನಾನು ಕೆಳಗಿಳಿಸಿದೆ.

ಅವ್ವ ತೀರಿಕೊಂಡು ಇಪ್ಪತ್ತು ವರ್ಷ ಕಳೆಯಿತು. ಅವಳಿದ್ದಿದ್ದರೆ ಇದಕ್ಕೆಲ್ಲ ಏನೆನ್ನುತ್ತಿದ್ದಳೆಂದು ಆಗಾಗ ಯೋಚಿಸುತ್ತೇನೆ. ತನ್ನ ದುಡಿಮೆಯನ್ನು ಮಗ ಹಳಿದನೆಂದು ನೊಂದುಕೊಳ್ಳುತ್ತಿದ್ದಳೆ? ಈಚೆಗೆ ನನಗೆ ಇನ್ನೊಂದು ಸಂಗತಿ ನೆನಪಿಗೆ ಬಂತು. ಆ 1975ರ ರಜೆಯಲ್ಲಿ ಅವ್ವ ಹಾಲು ಕರೆದು, ಅಳೆದು, ನನಗೊಂದು ಲೋಟ ತೆಗೆದಿಟ್ಟು, ಉಳಿದದ್ದನ್ನು ಮಾರಲು ಒಯ್ಯುತ್ತಿದ್ದಳು. ತಾನು ಮಾತ್ರ ಬೆಲ್ಲ ಹಾಕಿದ ಬರಿಯ ಕಾಫಿ ಕುಡಿಯುತ್ತಿದ್ದಳು. ಅದಕ್ಕೆ ಮುಂಚೆ ಅವಳ ಕಾಫಿಗೆ ತೊಟ್ಟು ಹಾಲು ಬೀಳುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಕಾಸು ಉಳಿಸಲೆಂದು ಬಿಟ್ಟಳೋ, ಬೇರೆ ಯಾವ ಕಾರಣಕ್ಕೆ ಬಿಟ್ಟಳೋ, ಅಂದು ಕೇಳುವ ಬುದ್ಧಿ ನನಗಿರಲಿಲ್ಲ. ಇಂದು ಕೇಳಲು ಅವಳಿಲ್ಲ.

ಈಗ ನಾನು ಕುಡಿಯುವುದೂ ಅದೇ ಬೆಲ್ಲದ ಕಾಫಿಯನ್ನು. ಮೊದಮೊದಲು ಕಹಿಯೆನಿಸುತ್ತಿತ್ತು, ಈಗ ರೂಢಿಯಾಗಿದೆ. ನಮ್ಮ ಮನೆಗೆ ಬಂದರೆ ನಿಮಗೆ ಬೇಕಾದ ಕಾಫಿ ಸಿಗುತ್ತದೆ. ಮಜ್ಜಿಗೆಯ ಗಡಿಗೆಯ ಯಜಮಾನಿ ಇನ್ನೂ ಗಟ್ಟಿಯಾಗಿದ್ದಾಳೆ. ನಿಮ್ಮ ಮನೆಗೆ ನಾನು ಬಂದಾಗ ಮಾತ್ರ ದಯವಿಟ್ಟು ಮುಖ ಸಣ್ಣದು ಮಾಡಿಕೊಳ್ಳಬೇಡಿ. ಒಂದು ಲೋಟ ನೀರು ಸಾಕು.